ಬಿಜಾಪುರಕ್ಕೆ ಇಬ್ಬರು

ಮೈಸೂರಿನವರಿಗೆ ಒಂದು ಜಂಬ ಇದೆ. ಊರು ನೋಡಲು ಜನ ನಮ್ಮಲ್ಲಿಗೇ ಬರುತ್ತಾರೆ, ಇನ್ನು ನಾವು ಎಲ್ಲಿಗೆ ಹೋಗಬೇಕು ಅನ್ನುವ ಜಂಬ. ನನಗೂ ಅದು ಇತ್ತು. ನಲವತ್ತೇಳು ದಾಟುವವರೆಗೂ ನಾನು ಊರು ನೋಡುವುದಕ್ಕೆಂದೇ ಎಲ್ಲಿಗೂ ಹೋದವಳಲ್ಲ. ಮದುವೆಗೆ ಹೋಗಿದ್ದೇನೆ, ಸಾವಿಗೆ ಹೋಗಿದ್ದೇನೆ, ಅಮ್ಮನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಅದ್ಯಾವುದೂ ಪ್ರವಾಸವಲ್ಲ. ಪ್ರವಾಸ ಅಂದರೆ ಏನೂ ಕೆಲಸವಿಲ್ಲದೆ ಹೋಗುವುದು, ಹಾಗೆ ಹೋಗಬೇಕಾದರೆ ಜೊತೆಗೆ ಒಬ್ಬರಾದರೂ ಬೇಕು. ನನಗೆ ಅಂಥವರು ಯಾರೂ ಇರಲಿಲ್ಲ.

ಇದನ್ನು ಅಳುಮೋರೆ ಹಾಕಿಕೊಂಡು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳುವವರೂ ಈಗ ಕಡಿಮೆಯಾಗಿದ್ದಾರೆ. ಅಪ್ಪ ನಂಜನಗೂಡಿನ ಆಚೆಯ ಹಳ್ಳಿಯಿಂದ ಬಂದು ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವರು. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯೊಂದರ ಹಿಂದೆ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದರು. ನಾನು ಈಗಲೂ ಅಲ್ಲೇ ಇದ್ದೇನೆ. ಅಪ್ಪ ಹೋದರು, ಬಹಳ ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನೂ ಹೋದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಅವರಿಬ್ಬರ ಪಟ. ಮಧ್ಯಾಹ್ನ ಕೆಲಸದಿಂದ ಬಂದು ಬೀಗ ತೆಗೆದರೆ ಒಳಗಿಂದ ಒಂದು ಸದ್ದೂ ಬರುವುದಿಲ್ಲ. ಕ್ರಮೇಣ ಅಭ್ಯಾಸವಾಗುತ್ತೆ ಅಂತ ಎಲ್ಲರೂ ಹೇಳಿದ್ದರು. ಹಾಗೆ ಹೇಳಿದವರ ಮನೆಯಲ್ಲೆಲ್ಲ ಕಡಿಮೆ ಅಂದರೂ ನಾಲ್ಕು ಜನ ಇದ್ದರು.

ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಗಾಡಿಗಳ ಒಳಗೆ ಹೋಗುವ ವೈರುಗಳನ್ನು ಕಟ್ಟಾಗಿ ಜೋಡಿಸಿ ಕೊಡುವ ಕೆಲಸ. ಬಾಗಿಲಗಲದ ಬೋರ್ಡಿನ ಮೇಲೆ ಯಾವ ವೈರು ಎಲ್ಲಿ ಹೋಗಬೇಕು ಅಂತ ಗೆರೆ ಎಳೆದಿರುತ್ತಾರೆ. ಆ ಗೆರೆಯ ಮೇಲೇ ಬಣ್ಣಬಣ್ಣದ ವೈರುಗಳನ್ನು ಕೂರಿಸಿ, ಟೇಪು ಸುತ್ತಿ, ತುದಿ ಸಿಕ್ಕಿಸಬೇಕು. ಎಲ್ಲಾ ನಿಂತೇ ಮಾಡುವ ಕೆಲಸ. ನಮ್ಮದು ಮೊದಲನೇ ಶಿಫ್ಟು, ಆದ್ದರಿಂದ ಬೆಳಕು ಹರಿಯುವ ಮುಂಚೆಯೇ ಕಂಪನಿ ಬಸ್ಸು ಬರುತ್ತದೆ. ಮಾರ್ಕೆಟ್ಟಿನ ಮುಂದೆ ಹೂವಿನ ಮೂಟೆ ಇಳಿಸುವವರು, ನಾನು, ಎರಡು ನಾಯಿ, ಆ ಹೊತ್ತಿಗೆ ರಸ್ತೆಯಲ್ಲಿ ಇಷ್ಟೇ.

ಬಸ್ಸಿನಲ್ಲಿ ನನ್ನ ಪಕ್ಕ ಕೂರುವವಳು ಒಬ್ಬಳಿದ್ದಾಳೆ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಕಡಕೊಳದಲ್ಲಿ ಹತ್ತುತ್ತಾಳೆ. ಬಸ್ಸು ನನ್ನ ಸ್ಟಾಪಿಗೆ ಬರುವ ಹೊತ್ತಿಗೆ ತನ್ನ ಊಟದ ಬ್ಯಾಗನ್ನು ಪಕ್ಕದ ಸೀಟಿನ ಮೇಲಿಟ್ಟು ನನಗೆ ಜಾಗ ಹಿಡಿದಿರುತ್ತಾಳೆ. ಯಾರಾದರೂ ಕೂರಲು ಬಂದರೆ ಅವಳು ಬಾಯಿ ಬಿಡುವುದೇ ಬೇಡ, ಒಂದು ಸಲ ನೋಡಿದರೆ ಸಾಕು, ಮುಂದಕ್ಕೆ ಹೋಗುತ್ತಾರೆ. ಅವಳ ಮನೆಯಲ್ಲಿ ಗಂಡ, ಎರಡು ಮಕ್ಕಳು, ಅತ್ತೆ, ಮಾವ. ಅಷ್ಟು ಜನಕ್ಕೂ ತಿಂಡಿ ಸಾರು ಮಾಡಿಟ್ಟು ಬರುವವಳು. ಬಸ್ಸು ಹತ್ತಿದ ಮೇಲೇ ಅವಳ ಬೆನ್ನು ಒಂದು ಕಡೆ ಒರಗುವುದು.

ಕಾರ್ಖಾನೆಯಲ್ಲಿ ನಮ್ಮಿಬ್ಬರ ಬೋರ್ಡು ಎದುರುಬದುರು. ಆದರೆ ಅಲ್ಲಿ ಮಾತಿಲ್ಲ. ಮಿಷನ್ನಿನ ಸದ್ದು, ಮೇಲೆ ಸೂಪರ್‌ವೈಸರ್ ಕಣ್ಣು. ಅವಳ ಮಗುವಿಗೆ ಜ್ವರ ಬಂದು ಅವಳು ರಜೆ ಹಾಕಿದರೆ ಅವಳ ಬೋರ್ಡಿನ ಕೆಲಸವನ್ನೂ ನಾನೇ ಮುಗಿಸಿ ಹೋಗುತ್ತೇನೆ. ಅಮ್ಮ ತೀರಿಕೊಂಡ ವಾರ ನನ್ನ ಬೋರ್ಡನ್ನು ಅವಳು ನೋಡಿಕೊಂಡಳು. ಆದರೆ ನಮ್ಮಿಬ್ಬರ ಸ್ನೇಹವೆಲ್ಲ ಬಸ್ಸಿನ ಒಳಗೇ. ಇಷ್ಟು ವರ್ಷದಲ್ಲಿ ನಾನು ಅವಳ ಮನೆಗೆ ಹೋಗಿಲ್ಲ, ಅವಳು ನನ್ನ ಮನೆಗೆ ಬಂದಿಲ್ಲ. ಬಸ್ಸು ಬಿಟ್ಟು ಬೇರೆ ಎಲ್ಲೂ ಒಟ್ಟಿಗೆ ಕೂತು ಒಂದು ಲೋಟ ಕಾಫಿ ಕುಡಿದಿಲ್ಲ.

ಬಿಜಾಪುರ ನಮ್ಮ ಮಧ್ಯೆ ಬಂದದ್ದು ಒಂದು ಭಾನುವಾರದಿಂದ. ಮಾರ್ಕೆಟ್ಟಿನ ಹತ್ತಿರ ಒಬ್ಬ ಹೆಂಗಸು ಅರಮನೆಗೆ ದಾರಿ ಕೇಳಿದಳು. ಮೈಸೂರು ನೋಡಲು ಬಂದ ಕುಟುಂಬ, ಬಿಸಿಲಿಗೆ ಸೋತಿದ್ದರು. ಹೇಗೂ ಮನೆಯಲ್ಲಿ ಕಾಯುವವರಿಲ್ಲ ಅಂತ ನಾನೇ ಗೇಟಿನವರೆಗೆ ನಡೆದುಕೊಂಡು ಹೋದೆ. ಬಿಜಾಪುರದವರಂತೆ. ದಾರಿಯುದ್ದಕ್ಕೂ ಅವಳು ಗೋಳಗುಮ್ಮಟದ ಸುದ್ದಿಯನ್ನೇ ಹೇಳಿದಳು. ಗುಮ್ಮಟದ ಒಳಗೆ, ಮೇಲುಗಡೆ ಸುತ್ತಲೂ ಓಡಾಡುವಷ್ಟು ಜಾಗ ಇದೆ, ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಅಷ್ಟು ದೂರದ ಆ ಕಡೆಯ ಗೋಡೆಗೆ ಕಿವಿ ಇಟ್ಟವರಿಗೆ ಕೇಳಿಸುತ್ತದೆ ಅಂದಳು. ಇಸ್ಕೂಲಿನ ಪುಸ್ತಕದಲ್ಲಿ ಓದಿದ್ದೆ, ಮರೆತುಹೋಗಿತ್ತು. ನಮ್ಮ ಊರಿಗೂ ಬರ್ರಿ ಅಂತ ಕರೆದು ಅವಳು ಒಳಗೆ ಹೋದಳು. ನಾನು ಗೇಟಿನಿಂದಲೇ ವಾಪಸ್ಸು ಬಂದೆ.

ಮಾರನೆಯ ದಿನ ಬಸ್ಸಿನಲ್ಲಿ ಪಕ್ಕದವಳಿಗೆ ಇದನ್ನು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದವಳು ಹಾಗೇ, ಕಣ್ಣು ತೆಗೆಯದೆ, ಹೋಗೋಣ ಅಕ್ಕ ಅಂದಳು.

ಅಷ್ಟೇ. ಅವತ್ತಿನಿಂದ ಶುರುವಾಯಿತು. ಅದು ಮಳೆಗಾಲದ ಮೊದಲು. ಮಳೆಗಾಲ ಪೂರ್ತಿ, ದಸರಾ ಪೂರ್ತಿ, ಚಳಿಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಕೊಂಡು ಹೋಗುವ ತಿಂಗಳು ಪೂರ್ತಿ ನಾವು ಬಿಜಾಪುರಕ್ಕೆ ಹೊರಡುತ್ತಲೇ ಇದ್ದೆವು. ಬಿಸಿಲು ಏರುವ ಮುಂಚೆ, ಸಂಕ್ರಾಂತಿ ಆದ ಮೇಲೆ ಹೋಗುವುದು ಅಂತ ತೀರ್ಮಾನ. ಮೈಸೂರಿನಿಂದಲೇ ಮಧ್ಯಾಹ್ನದ ಮೇಲೆ ಒಂದು ರೈಲು ಹೊರಡುತ್ತದೆ, ಹತ್ತಿ ಮಲಗಿದರೆ ಬೆಳಿಗ್ಗೆ ಬಿಜಾಪುರ. ಹೋಗುವಾಗ ಕಿಟಕಿ ಪಕ್ಕ ಅವಳು, ಬರುವಾಗ ನಾನು. ಇದಕ್ಕೇ ಒಂದು ವಾರ ಜಗಳವಾಯಿತು. ಹೋಗುವಾಗ ಬೇಗ ಕತ್ತಲಾಗಿಬಿಡುತ್ತದೆ, ಏನೂ ಕಾಣಲ್ಲ, ನನಗೆ ಬರುವಾಗಿನದೇ ಬೇಕು ಅಂತ ಅವಳ ತಕರಾರು.

ಬುತ್ತಿಯ ವಿಷಯ ಇನ್ನೊಂದು. ಪುಳಿಯೋಗರೆ ಎರಡು ದಿನ ಕೆಡುವುದಿಲ್ಲ, ಚಪಾತಿ ಒಣಗುತ್ತದೆ, ಚಟ್ನಿಪುಡಿ ಇದ್ದರೆ ಯಾವ ಊರಲ್ಲೂ ಬದುಕಬಹುದು. ಅಲ್ಲಿ ಬರೀ ಜೋಳದ ರೊಟ್ಟಿಯಂತೆ, ಮುದ್ದೆ ಸಿಗಲ್ಲವಂತೆ ಅಂತ ಅವಳಿಗೆ ಚಿಂತೆ. ಎರಡು ದಿನ ಮುದ್ದೆ ಬಿಟ್ಟರೆ ಯಾರೂ ಸಾಯುವುದಿಲ್ಲ ಅಂದೆ. ಅಲ್ಲೂ ನಮ್ಮೂರಿನ ಹಾಗೆ ಟಾಂಗಾ ಇದೆ ಅಂತ ಗೊತ್ತಾದಾಗ ಅವಳಿಗೆ ಬಹಳ ಸಂತೋಷವಾಯಿತು. ಮೈಸೂರಿನಲ್ಲಿ ಹುಟ್ಟಿ ಬೆಳೆದರೂ ಟಾಂಗಾ ಹತ್ತಿರಲಿಲ್ಲ ಅವಳು. ನಾನೂ ಹತ್ತಿರಲಿಲ್ಲ. ಅದು ಊರು ನೋಡಲು ಬಂದವರಿಗೆ ಅಂತ ಬಿಟ್ಟುಬಿಟ್ಟಿದ್ದೆವು.

ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಗುಮ್ಮಟದ ಮೇಲೆ ಯಾರು ಎಲ್ಲಿ ನಿಲ್ಲುವುದು ಅನ್ನುವುದನ್ನು. ಮೊದಲು ತಾನೇ ಮಾತಾಡಬೇಕು, ನಾನು ಆ ಕಡೆ ಹೋಗಿ ಕಿವಿ ಇಟ್ಟು ಕೇಳಬೇಕು ಅಂತ ಅವಳ ಹಟ. ಏನು ಹೇಳುತ್ತೀಯ ಅಂದರೆ, ಅತ್ತೆಯನ್ನು ಮನಸ್ಸು ತುಂಬ ಬೈಯುತ್ತೇನೆ ಅಂದಳು. ಅತ್ತೆಯನ್ನು ಬೈಯಲು ಅಷ್ಟು ದೂರ ಹೋಗಬೇಕಾ ಅಂದೆ. ಇಲ್ಲಿ ಬೈದರೆ ಕೇಳಿಸಿಬಿಡುತ್ತೆ ಅಂದಳು. ಮುಂದಿನ ಸೀಟಿನ ಹೆಂಗಸರೆಲ್ಲ ತಿರುಗಿ ನೋಡಿ ನಕ್ಕರು. ಅವರಿಗೂ ನಮ್ಮ ಬಿಜಾಪುರ ಬಾಯಿಪಾಠವಾಗಿತ್ತು. ಇನ್ನೂ ಹೊರಟಿಲ್ವಾ ಅಂತ ಡ್ರೈವರ್ ಕೂಡ ಕಿಚಾಯಿಸುತ್ತಿದ್ದ.

ನಾನು ನಿಜವಾಗಲೂ ತಯಾರಾಗುತ್ತಿದ್ದೆ. ಭಾನುವಾರ ಸ್ಟೇಷನ್ನಿಗೆ ಹೋಗಿ ರೈಲು ವಿಚಾರಿಸಿಕೊಂಡು ಬಂದೆ. ಚಕ್ರ ಇರುವ ಒಂದು ಬ್ಯಾಗು ತಂದೆ. ನನ್ನ ಮನೆ ಮುಂದಿನ ಪಾತ್ರೆ ಅಂಗಡಿಯವರು ಅದನ್ನು ನೋಡಿ ಎಲ್ಲಿಗೆ ಸವಾರಿ ಅಂತ ಕೇಳಿದರು. ನಾನು ಬಿಜಾಪುರಕ್ಕೆ, ಇಬ್ಬರು ಹೋಗ್ತಿದ್ದೀವಿ ಅಂದೆ. ಆ ಇಬ್ಬರು ಅನ್ನುವ ಮಾತನ್ನು ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಊದಿ ತಲೆಗೆ ಇಟ್ಟುಕೊಳ್ಳುವ ದಿಂಬು ಎರಡು ತಂದೆ, ಒಂದು ಅವಳಿಗೆ. ಸಂಜೆ ಹೊತ್ತು ಫೋನಿನಲ್ಲಿ ಬಿಜಾಪುರದ ವಿಡಿಯೋ ಹಾಕಿಕೊಂಡು ಅಡುಗೆ ಮಾಡುತ್ತಿದ್ದೆ. ಆ ವಿಡಿಯೋದವನು ಬಾರಾ ಕಮಾನಿನ ಸುದ್ದಿ, ದೊಡ್ಡ ಫಿರಂಗಿಯ ಸುದ್ದಿ ಹೇಳುತ್ತಲೇ ಇರುತ್ತಿದ್ದ, ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಆ ಏಳೆಂಟು ತಿಂಗಳು ನಾನು ಸುಖವಾಗಿದ್ದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸಂಕ್ರಾಂತಿ ಆಯಿತು. ಎಳ್ಳುಬೆಲ್ಲದ ಪೊಟ್ಟಣ ಬಸ್ಸಿನಲ್ಲೆಲ್ಲ ಹಂಚಿದ್ದಾಯಿತು. ಅವಳು ದಿನ ಗೊತ್ತು ಮಾಡುವ ಮಾತೇ ಎತ್ತಲಿಲ್ಲ, ಮನೆ ತಾಪತ್ರಯದಲ್ಲಿ ಮರೆತಿದ್ದಾಳೆ ಅಂದುಕೊಂಡೆ. ಟಿಕೆಟ್ಟು ಮಾಡಿಸುವ ಮುಂಚೆ ರಜೆ ಕೇಳಬೇಕಲ್ಲ, ಇಬ್ಬರದೂ ಒಂದೇ ಸಲ ಕೇಳಿಬಿಡೋಣ ಅಂತ ಊಟದ ಹೊತ್ತಿನಲ್ಲಿ ಸೂಪರ್‌ವೈಸರ್ ಹತ್ತಿರ ಹೋದೆ. ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯ ಹುಡುಗ. ಭಾನುವಾರ ಸೇರಿಸಿಕೊಂಡು ನಾಲ್ಕು ದಿನ, ನಮಗಿಬ್ಬರಿಗೂ ಅಂದೆ.

ಅವನು ಮೊದಲು ತಮಾಷೆ ಅಂದುಕೊಂಡ. ನಾನು ನಗಲಿಲ್ಲ. ಆಮೇಲೆ ಮೆಲ್ಲಗೆ, "ಇಬ್ರೂ ಹೋದ್ರೆ ಎಂಗೆ ಮೇಡಂ? ಒಬ್ರು ಹೋದ್ರೆ ಇನ್ನೊಬ್ರು ತಾನೆ ನಿಲ್ಲೋದು" ಅಂದ.

ಇಲ್ಲಿ ನಮ್ಮ ಕಾರ್ಖಾನೆಯ ಪದ್ಧತಿಯನ್ನು ಹೇಳಬೇಕು. ನಮ್ಮ ಲೈನಿನಲ್ಲಿ ಎಲ್ಲರನ್ನೂ ಇಬ್ಬಿಬ್ಬರಾಗಿ ಜೋಡಿ ಮಾಡಿರುತ್ತಾರೆ. ಎದುರುಬದುರು ಬೋರ್ಡಿನ ಇಬ್ಬರಿಗೆ ಮಾತ್ರ ಆ ಎರಡೂ ಬೋರ್ಡಿನ ಕೆಲಸ ಕಲಿಸಿರುತ್ತಾರೆ. ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳು ಶಿಫ್ಟು ಮುಗಿದ ಮೇಲೂ ನಿಂತು ಎರಡೂ ಬೋರ್ಡು ಮುಗಿಸಿಕೊಟ್ಟು ಹೋಗಬೇಕು. ನಾವಿಬ್ಬರೂ ಜೋಡಿ. ಅಂದರೆ ಅವಳಿಗೆ ರಜೆ ಸಿಗುವುದು ನಾನು ಇದ್ದರೆ, ನನಗೆ ಸಿಗುವುದು ಅವಳು ಇದ್ದರೆ. ಭಾನುವಾರ ಬಿಟ್ಟು ಒಂದೇ ದಿನ ಇಬ್ಬರಿಗೂ ರಜೆ ಸಿಕ್ಕಿದ್ದೇ ಇಲ್ಲ, ಸಿಗುವುದೂ ಇಲ್ಲ. ಆಯುಧಪೂಜೆಗೆ ಕಾರ್ಖಾನೆ ಮುಚ್ಚುತ್ತದೆ ನಿಜ, ಆದರೆ ಆಗ ಅವಳ ಮನೆ ತುಂಬ ದಸರಾ ನೋಡಲು ಬಂದ ನೆಂಟರು.

ವರ್ಷಗಟ್ಟಲೆ ಇದರಲ್ಲೇ ಇದ್ದೂ ನನಗೆ ಯಾಕೆ ಹೊಳೆಯಲಿಲ್ಲ? ಕಾರಣ ಸಣ್ಣದು. ಅಮ್ಮ ಹೋದ ಮೇಲೆ ನಾನು ರಜೆಯನ್ನೇ ಹಾಕಿರಲಿಲ್ಲ. ಹಾಕಿ ಮಾಡುವುದೇನು? ಅವಳು ಹಾಕುತ್ತಿದ್ದಳು, ನಾನು ನಿಲ್ಲುತ್ತಿದ್ದೆ. ನಿಂತು ನಿಂತು, ನಾನೂ ಒಂದು ದಿನ ಹೊರಟರೆ ಆಗ ನಿಲ್ಲಬೇಕಾದವಳು ಅವಳೇ ಅನ್ನುವುದು ತಲೆಯಿಂದ ಜಾರಿಹೋಗಿತ್ತು. ಜೊತೆಗೆ ಕರೆದುಕೊಂಡು ಹೋಗಬೇಕೆಂದು ಇಡೀ ಕಾರ್ಖಾನೆಯಲ್ಲಿ ಯಾರನ್ನು ಆರಿಸಬಾರದೋ ಅವಳನ್ನೇ ಆರಿಸಿಕೊಂಡಿದ್ದೆ.

ಅವತ್ತು ಅವಳಿಗೆ ಏನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ, ಇದಕ್ಕೊಂದು ದಾರಿ ಹುಡುಕಬೇಕು, ಆಫೀಸಿನವರ ಹತ್ತಿರ ಹೋಗಿ ಜಗಳವಾಡಿಯಾದರೂ ಬೇರೆ ಇಬ್ಬರಿಗೆ ನಮ್ಮ ಬೋರ್ಡು ಕಲಿಸೋಣ ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಕ್ಕ, ನೀವು ನಿಜವಾಗ್ಲೂ ಹೋಗೋಣ ಅಂತಿದ್ರಾ?" ಅಂದಳು.

ಚಕ್ರದ ಬ್ಯಾಗು ತಂದಿಟ್ಟಿದ್ದೀನಲ್ಲ ಅಂದೆ.

"ಇಬ್ರಿಗೂ ಒಟ್ಟಿಗೆ ರಜಾ ಸಿಗಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣಕ್ಕ. ನಿಮಗೂ ಗೊತ್ತು ಅಂದ್ಕೊಂಡಿದ್ದೆ. ದಿನಾ ಬಸ್ಸಲ್ಲೇ ಹೋಗಿ ಬಂದ್ಬುಡ್ತಿದ್ವಲ್ಲ, ನಂಗೆ ಅಷ್ಟೇ ಸಾಕಾಗಿತ್ತು."

ಅವಳ ದನಿಯಲ್ಲಿ ಮೋಸ ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. ಮೋಸ ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ಇಷ್ಟು ತಿಂಗಳು ಒಂದೇ ಸೀಟಿನಲ್ಲಿ ಕೂತು ಅವಳು ಒಂದು ಪ್ರಯಾಣ ಮಾಡಿದಳು, ನಾನು ಇನ್ನೊಂದಕ್ಕೆ ಬ್ಯಾಗು ಕೊಂಡೆ. ಅವಳಿಗೆ ಮನೆಯಲ್ಲಿ ಒಂದು ಗಳಿಗೆ ಯಾರೂ ಕರೆಯದೇ ಇದ್ದರೆ ಸಾಕು, ಅದನ್ನು ಬಸ್ಸು ಕೊಡುತ್ತಿತ್ತು. ನನಗೆ ಬೇಕಾಗಿದ್ದದ್ದು ಅದಲ್ಲ. ನನ್ನ ಜೊತೆ ಒಬ್ಬರು ಬರಬೇಕಿತ್ತು.

ನಾನು ಒಳ್ಳೆಯ ಸ್ವಭಾವದವಳಲ್ಲ. ಮಾರನೆಯ ದಿನದಿಂದ, ಹಿಂದೆ ಕೂತರೆ ಸೊಂಟ ನೋಯುತ್ತೆ ಅಂತ ಹೇಳಿ ಮುಂದೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರತೊಡಗಿದೆ. ಅವಳು ಜಾಗ ಹಿಡಿದೇ ಇಡುತ್ತಿದ್ದಳು. ಬ್ಯಾಗು ಆ ಸೀಟಿನ ಮೇಲೆ ಹೆಬ್ಬಾಳದವರೆಗೂ ಹಾಗೇ ಹೋಗುತ್ತಿತ್ತು, ಬೇರೆಯವರನ್ನು ಕೂರಿಸುತ್ತಿರಲಿಲ್ಲ. ನಿಂತುಕೊಂಡು ಹೋಗುವ ಹೆಂಗಸರು ಗೊಣಗಿದರು. ಬೋರ್ಡಿನ ಹತ್ತಿರ ಎದುರುಬದುರು ನಿಂತೂ ನಾನು ತಲೆ ಎತ್ತುತ್ತಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ಇಸ್ಕೂಲು ಮಕ್ಕಳ ಹಾಗೆ ಟೂ ಬಿಟ್ಟದ್ದು ಯಾರಿಗಾದರೂ ನಗು ತರಿಸುತ್ತದೆ, ನನಗೆ ಮಾತ್ರ ಆಗ ನಗು ಬರುತ್ತಿರಲಿಲ್ಲ. ಮನೆಯಲ್ಲಿ ವಿಡಿಯೋ ಹಾಕುವುದನ್ನೂ ಬಿಟ್ಟೆ.

ಒಂದು ವಾರ ಕಳೆದಿರಬೇಕು. ಶಿಫ್ಟು ಮುಗಿಸಿ ಬಸ್ಸಿನ ಹತ್ತಿರ ಬರುವಾಗ ಅವಳು ಹಿಂದಿನಿಂದ ಬಂದು ನನ್ನ ಕೈ ಹಿಡಿದುಕೊಂಡಳು. ಸೂಪರ್‌ವೈಸರ್ ಹತ್ತಿರ ಮಾತಾಡಿದ್ದಾಳಂತೆ.

"ನೀವು ಹೋಗ್ ಬನ್ನಿ ಅಕ್ಕ. ನಿಮ್ಮ ಬೋರ್ಡ್ ನಾನ್ ನೋಡ್ಕತೀನಿ. ಬಂದು ನಂಗೆ ಎಲ್ಲಾ ಹೇಳಿ, ಒಂದೂ ಬುಡಬೇಡಿ."

ಒಬ್ಬಳೇ ಹೋಗಿ ಏನು ಮಾಡಲಿ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆಮೇಲೆ ಯೋಚಿಸಿದೆ. ತನ್ನ ಮನೆಗೆ ತಡವಾಗಿ ಹೋಗಿ, ಅತ್ತೆಯ ಬೈಗುಳ ತಿಂದು, ಎರಡು ಬೋರ್ಡಿಗೂ ನಿಲ್ಲುತ್ತೇನೆ ಅನ್ನುತ್ತಿದ್ದಾಳೆ. ಅವಳಿಂದ ಕೊಡಲು ಆಗುವುದು ಅದೊಂದೇ, ಅದನ್ನು ಕೊಡುತ್ತಿದ್ದಾಳೆ. ಬೇಡ ಅನ್ನುವಷ್ಟು ಸೊಕ್ಕು ನನಗೂ ಇರಲಿಲ್ಲ. ಮಾರನೆಯ ದಿನ ಹಿಂದಿನ ಸೀಟಿಗೆ ಹೋಗಿ ಕೂತೆ.

ಒಂದೇ ಟಿಕೆಟ್ಟು ಮಾಡಿಸಿದೆ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಜಗಳವಿಲ್ಲದೆ ಸಿಕ್ಕಿತು. ಅವಳು ಹೇಳಿದ್ದು ಸರಿ, ಬೇಗ ಕತ್ತಲಾಗಿ ಏನೂ ಕಾಣಲಿಲ್ಲ. ಅಭ್ಯಾಸದ ಮೇಲೆ ಇಬ್ಬರಿಗಾಗುವಷ್ಟು ಪುಳಿಯೋಗರೆ ಕಲಸಿಬಿಟ್ಟಿದ್ದೆ. ಎದುರಿನ ಸೀಟಿನವರಿಗೆ ಕೊಡೋಣ ಅಂದರೆ ಅವರು ರೈಲಿನಲ್ಲಿ ಗುರುತಿಲ್ಲದವರ ಕೈಯಿಂದ ಏನೂ ತಿನ್ನುವುದಿಲ್ಲವಂತೆ. ಬಾತ್‌ರೂಮಿಗೆ ಹೋಗಬೇಕಾದರೆ ಬ್ಯಾಗು ನೋಡಿಕೊಳ್ಳುವವರಿಲ್ಲ, ಚಕ್ರದ ಬ್ಯಾಗನ್ನು ಎಳೆದುಕೊಂಡೇ ಹೋದೆ. ದಿಂಬು ಒಂದನ್ನು ಊದಿಕೊಂಡೆ. ಇನ್ನೊಂದು ಪ್ಲಾಸ್ಟಿಕ್ಕಿನ ಕವರಿನಲ್ಲೇ ಉಳಿಯಿತು.

ಬಿಜಾಪುರದಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. ಲಾಡ್ಜಿನವನು ಒಬ್ಬರೇ ಏನ್ರಿ ಅಂತ ಎರಡು ಸಲ ಕೇಳಿ, ನನ್ನ ಹಿಂದೆ ಬಾಗಿಲ ಕಡೆ ನೋಡಿ, ಆಮೇಲೆ ಬೀಗದ ಕೈ ಕೊಟ್ಟ. ಹೋಟೆಲಿನಲ್ಲಿ ರೊಟ್ಟಿ ಬಡಿಸುವವನು ಎರಡು ನೀರಿನ ಲೋಟ ತಂದಿಟ್ಟು ಒಂದನ್ನು ವಾಪಸ್ಸು ತೆಗೆದುಕೊಂಡು ಹೋದ. ಟಾಂಗಾದವನು, ನಿಮ್ಮ ಜೋಡಿ ಇನ್ನ್ಯಾರು ಬರೋರು ಅದಾರ್ರಿ ಅಂತ ಕೇಳಿದ. ಆ ಕಡೆ ಜೊತೆ ಅನ್ನುವುದಕ್ಕೆ ಜೋಡಿ ಅನ್ನುತ್ತಾರೆ. ಜೋಡಿ ಮೈಸೂರಲ್ಲಿ ಕೆಲಸ ಮಾಡ್ತಿದ್ದಾಳೆ ಅಂದೆ. ಅವನಿಗೆ ಏನು ಅರ್ಥವಾಯಿತೋ, ಕುದುರೆ ಹೊಡೆದ.

ಊರು ಮಾತ್ರ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ? ಬಾರಾ ಕಮಾನಿನಲ್ಲಿ ಮೇಲೆ ಚಾವಣಿಯೇ ಇಲ್ಲದೆ ಬರೀ ಕಮಾನುಗಳು ಆಕಾಶದ ಕೆಳಗೆ ನಿಂತಿದ್ದವು, ಕಟ್ಟಲು ಶುರುಮಾಡಿ ನಿಲ್ಲಿಸಿಬಿಟ್ಟದ್ದಂತೆ. ನಾನು ಅಲ್ಲಿ ಹುಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಒಬ್ಬ ರಾಜನ ಊರಲ್ಲಿ ಹುಟ್ಟಿದವಳಿಗೆ ಇನ್ನೊಬ್ಬ ರಾಜನ ಊರು ನೋಡುವಾಗ ಒಂದು ಸಣ್ಣ ಹೊಟ್ಟೆಕಿಚ್ಚು ಆಗುತ್ತದೆ, ಅದೂ ಆಯಿತು. ಊರಿನವರು ತರಕಾರಿ ಚೀಲ ಹಿಡಿದು, ಸ್ಕೂಟರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಗುಮ್ಮಟದ ಕಡೆ ತಲೆ ಎತ್ತಿಯೂ ನೋಡದೆ ಹೋಗುತ್ತಿದ್ದರು. ನಾನು ಅರಮನೆಯ ಮುಂದೆ ಹೋಗುವುದೂ ಹೀಗೇ. ಇದನ್ನು ಅವಳಿಗೆ ಹೇಳಬೇಕು ಅಂದುಕೊಂಡೆ.

ಎರಡನೇ ದಿನ ಬೆಳಿಗ್ಗೆ ಗುಮ್ಮಟ ಹತ್ತಿದೆ. ಮೂಲೆಯ ಗೋಪುರದೊಳಗೆ ಕಡಿದಾದ ಮೆಟ್ಟಿಲು, ನನ್ನ ಮೊಣಕಾಲು ಪ್ರತಿ ತಿರುವಿನಲ್ಲೂ ತಕರಾರು ಮಾಡಿತು. ಮೇಲೆ ಹೋದರೆ ಶಾಲೆಯ ಮಕ್ಕಳು ಕೂ ಹಾಕುತ್ತಿದ್ದರು, ಆ ಕೂ ತಿರುತಿರುಗಿ ಬಂದು ಕಿವಿ ಗಡಚಿಕ್ಕುತ್ತಿತ್ತು. ಕಾವಲಿನವನು ಸೀಟಿ ಊದಿದರೆ ಆ ಸೀಟಿಯೂ ತಿರುಗಿ ಬರುತ್ತಿತ್ತು. ಮಕ್ಕಳು ಇಳಿದು ಹೋಗುವವರೆಗೂ ಒಂದು ಕಡೆ ಗೋಡೆಗೆ ಒರಗಿ ಕಾದೆ. ಆಚೆ ಕಡೆ ಯಾರೋ ನಾಲ್ಕೈದು ಜನ ಚಿಕ್ಕದಾಗಿ ಕಾಣುತ್ತಿದ್ದರು. ಸುತ್ತಲೂ ಒಂದು ಸಲ ನೋಡಿಕೊಂಡು ಗೋಡೆಗೆ ಬಾಯಿಟ್ಟೆ. ಏನು ಹೇಳುವುದು ಅಂತ ತಿಳಿಯಲಿಲ್ಲ. ದಿನಾ ಬಸ್ಸು ಹತ್ತಿ ಕೂತ ತಕ್ಷಣ ಅವಳನ್ನು ಕೇಳುವ ಮಾತೇ ಬಾಯಿಗೆ ಬಂತು. ತಿಂಡಿ ಆಯ್ತಾ ಅಂದೆ.

ಗೋಡೆಗೆ ಕಿವಿ ಇಟ್ಟೆ. "ಇನ್ನಾ ಇಲ್ರಿ. ನಿಮ್ದು?" ಅಂತ ಬಂತು.

ಯಾರೋ ವಯಸ್ಸಾದವರ ದನಿ. ಆಚೆ ಕಡೆಯ ನಾಲ್ಕೈದು ಜನದಲ್ಲಿ ಯಾರು ಅಂತ ಗೊತ್ತಾಗಲಿಲ್ಲ, ನಾನು ಹುಡುಕಲೂ ಇಲ್ಲ. ಆಯ್ತು ಅಂತ ಹೇಳಿ ಅಲ್ಲೇ ಕೂತುಬಿಟ್ಟೆ. ನಗು ಬಂತು, ಅದರ ಹಿಂದೆಯೇ ಅಳು ಬಂತು. ನನಗೆ ಆಗ ಬಹಳ ಒಂಟಿ ಅನ್ನಿಸಿತು. ಮನೆಯಲ್ಲಿ ಬೀಗ ತೆಗೆದಾಗ ಅನ್ನಿಸುವುದಕ್ಕಿಂತ ಹೆಚ್ಚು. ಸೆರಗಿನಿಂದ ಮುಖ ಒರೆಸಿಕೊಂಡು ಇಳಿದೆ. ಆದರೆ ಇಳಿಯುವಾಗಲೇ, ಇದನ್ನು ಅವಳಿಗೆ ಹೇಗೆ ಹೇಳುವುದು ಅಂತ ಮನಸ್ಸಿನಲ್ಲಿ ಜೋಡಿಸತೊಡಗಿದೆ. ನಿಜ ಹೇಳಬೇಕೆಂದರೆ ಬಿಜಾಪುರದಲ್ಲಿ ನಾನು ನೋಡಿದ್ದೆಲ್ಲ ಅವಳಿಗೆ ಹೇಳಬೇಕು ಅಂತಲೇ ನೋಡಿದ್ದು. ವಾಪಸ್ಸು ಬರುವ ರೈಲಿನಲ್ಲಿ ನಿದ್ದೆ ಮಾಡಲಿಲ್ಲ. ಟಾಂಗಾದವನ ಮಾತು ಎಲ್ಲಿ ಬರಬೇಕು, ಎರಡು ಲೋಟದ್ದನ್ನು ನಗುವ ಹಾಗೆ ಹೇಗೆ ಹೇಳಬೇಕು, ಗೋಡೆಯ ಮಾತನ್ನು ಕೊನೆಗೆ ಇಟ್ಟುಕೊಳ್ಳಬೇಕು ಅಂತ ಎಲ್ಲಾ ಸರಿಮಾಡಿಕೊಂಡೆ. ಎಷ್ಟೋ ವರ್ಷಗಳ ಮೇಲೆ ಒಬ್ಬರಿಗೆ ಹೇಳಲು ನನ್ನ ಹತ್ತಿರ ಏನೋ ಇತ್ತು.

ಬುಧವಾರ ಬೆಳಿಗ್ಗೆ ಬಸ್ಸು ಬಂತು. ಅವಳು ಬ್ಯಾಗು ತೆಗೆದು ಜಾಗ ಮಾಡಿದಳು. ಮುಖ ಬಾಡಿತ್ತು, ಬೆರಳಿನ ತುದಿಗೆಲ್ಲ ಟೇಪಿನ ಅಂಟು ಕಪ್ಪಾಗಿ ಹಿಡಿದಿತ್ತು. ಮೊದಲಿಂದ ಹೇಳಿ ಅಕ್ಕ ಅಂದಳು. ನಾನು ರೈಲು ಹೊರಟಲ್ಲಿಂದ ಶುರುಮಾಡಿದೆ. ಪುಳಿಯೋಗರೆಯ ಕಥೆಗೆ ಹ್ಞೂಂ ಅಂದಳು. ಬ್ಯಾಗು ಎಳೆದುಕೊಂಡು ಬಾತ್‌ರೂಮಿಗೆ ಹೋದದ್ದಕ್ಕೆ ಹ್ಞೂಂ ಅನ್ನಲಿಲ್ಲ. ನೋಡಿದರೆ ತಲೆ ನನ್ನ ಭುಜದ ಮೇಲೆ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿಬಿಟ್ಟಿದ್ದಳು. ನನ್ನ ಬೋರ್ಡು, ತನ್ನ ಬೋರ್ಡು, ಮನೆ, ಮೂರೂ ಸೇರಿ ಅವಳನ್ನು ಸುಸ್ತು ಮಾಡಿಹಾಕಿದ್ದವು.

ಎಬ್ಬಿಸಲು ಮನಸ್ಸು ಬರಲಿಲ್ಲ. ಹೊರಗೆ ಬೆಳಕು ಹರಿಯುತ್ತಿತ್ತು. ಭುಜ ಅಲುಗಾಡದ ಹಾಗೆ ಕೂತು ಹೆಬ್ಬಾಳದವರೆಗೂ ಬಂದೆ. ಗೇಟಿನ ಹತ್ತಿರ ಬಸ್ಸು ನಿಂತಾಗ ಅವಳು ಎಚ್ಚರವಾಗಿ, ಕಣ್ಣುಜ್ಜಿಕೊಂಡು, ನಾನು ಇಷ್ಟು ಹೊತ್ತೂ ಹೇಳುತ್ತಲೇ ಇದ್ದೆ ಅಂದುಕೊಂಡು ಕೇಳಿದಳು.

"ಆಮೇಲೆ?"

"ಆಮೇಲೇನಿಲ್ಲ ಕಣಮ್ಮ, ಬಂದೆ" ಅಂದೆ.

ಅವಳು ತನ್ನ ಬ್ಯಾಗು ತೆಗೆದುಕೊಂಡಳು, ನಾನು ನನ್ನದು ತೆಗೆದುಕೊಂಡೆ. ಇಬ್ಬರೂ ಇಳಿದು ಕೆಲಸಕ್ಕೆ ಹೋದೆವು.